ಪತ್ತಾರರ ಮಗಳು ಒಲ್ಲೆನೆಂದಾಗ

ಮುದಗಲ್ಲು ಈಗ ಲಿಂಗಸುಗೂರು ತಾಲ್ಲೂಕಿನ ಒಂದು ಪಟ್ಟಣ. ಕೋಟೆಗೂ ಮೊಹರಂಗೂ ಸುತ್ತಲಿನ ಜಿಲ್ಲೆಗಳಲ್ಲಿ ಅದರ ಹೆಸರು ಕೇಳದವರಿಲ್ಲ. ಈ ಊರಿನ ಪತ್ತಾರರ, ಅಂದರೆ ಚಿನ್ನದ ಕೆಲಸದವರ, ಮನೆಯ ಹುಡುಗಿಯೊಬ್ಬಳ ಸಲುವಾಗಿ 1406ರಲ್ಲಿ ವಿಜಯನಗರಕ್ಕೂ ಬಹಮನಿಗಳಿಗೂ ಯುದ್ಧವಾಯಿತೆಂದು ಚರಿತ್ರೆಕಾರ ಫೆರಿಷ್ತಾ ಬರೆದಿಟ್ಟಿದ್ದಾನೆ. ಹುಡುಗಿಯ ಹೆಸರು ಪರ್ತಾಲ್. ಕಾಶಿಯಾತ್ರೆ ಮುಗಿಸಿ ಬಂದ ಬ್ರಾಹ್ಮಣನೊಬ್ಬ ಅವರ ಮನೆಯಲ್ಲಿ ಇಳಿದುಕೊಂಡ, ಅವಳಿಗೆ ಸಂಗೀತ ಕಲಿಸಿದ, ಆಮೇಲೆ ವಿಜಯನಗರಕ್ಕೆ ಹೋಗಿ ಅವಳ ರೂಪವನ್ನು ರಾಯನ ಮುಂದೆ ಬಣ್ಣಿಸಿದ. ರಾಯ, ಅಂದರೆ ಒಂದನೆಯ ದೇವರಾಯ, ಒಡವೆ ವಸ್ತ್ರ ಕೊಟ್ಟು ಅದೇ ಬ್ರಾಹ್ಮಣನನ್ನು ತಿರುಗಿ ಕಳಿಸಿದ. ಅಪ್ಪ ಅವ್ವ ಹಿಗ್ಗಿದರು. ಮಗಳು ಮಾತ್ರ ಕೊರಳಿಗೆ ಹಾರ ಹಾಕಿಸಿಕೊಳ್ಳಲಿಲ್ಲ. ಹಾಕಿಸಿಕೊಂಡರೆ ಮಾತು ಕೊಟ್ಟಂತೆ ಎಂಬುದು ಅವಳಿಗೆ ಗೊತ್ತಿತ್ತು.

ಅವಳು ಕೊಟ್ಟ ಕಾರಣವನ್ನು ಫೆರಿಷ್ತಾ ದಾಖಲಿಸಿದ್ದಾನೆ. ರಾಯನ ಅಂತಃಪುರ ಹೊಕ್ಕ ಹೆಣ್ಣು ಮತ್ತೆ ತಾಯಿ ತಂದೆಯರ ಮುಖ ನೋಡುವಂತಿಲ್ಲ, ತವರನ್ನು ಮಾರಿಕೊಂಡು ರಾಣಿಯಾಗುವುದು ತನಗೆ ಬೇಡ. ಮಾತು ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಚರಿತ್ರೆಕಾರ ಇನ್ನೊಂದು ಕಾರಣವನ್ನೂ ಅವಳ ಬಾಯಲ್ಲಿ ಹೇಳಿಸುತ್ತಾನೆ: ತಾನು ಮುಂದೊಂದು ದಿನ ಇಸ್ಲಾಂ ಧರ್ಮದ ರಾಜಕುಮಾರನ ಕೈಹಿಡಿಯುವೆನೆಂದು ಅವಳ ಒಳಮನಸ್ಸು ಬಹಳ ದಿನದಿಂದ ಹೇಳುತ್ತಿತ್ತಂತೆ. ಮೊದಲನೆಯ ಕಾರಣ ಹೆಣ್ಣುಮಗಳ ಮಾತಿನಂತೆ ಕೇಳಿಸುತ್ತದೆ. ಎರಡನೆಯದು ಬಿಜಾಪುರದ ಆಸ್ಥಾನದಲ್ಲಿ ಕೂತು ಬರೆದವನ ಮಾತಿನಂತೆ. ಫೆರಿಷ್ತಾ ಬರೆದದ್ದು ಎರಡನೆಯ ಇಬ್ರಾಹಿಂ ಆದಿಲಶಹನ ಆಶ್ರಯದಲ್ಲಿ, ಘಟನೆ ನಡೆದು 200 ವರ್ಷಗಳಾದ ಮೇಲೆ. ಕಥೆಯನ್ನು ಎತ್ತ ತಿರುಗಿಸಿದರೆ ಒಡೆಯರಿಗೆ ಹಿತವೆಂದು ತಿಳಿಯದಷ್ಟು ಮುಗ್ಧ ಅವನಲ್ಲ.

ಮುಂದಿನದು ಎಲ್ಲ ಸೇಡಿನ ಕಥೆಗಳ ಹಾದಿ. ಹಂಪಿಯಿಂದ ಮುದಗಲ್ಲು ಹಕ್ಕಿದಾರಿಯಲ್ಲಿ 75 ಕಿಲೋಮೀಟರಿನಷ್ಟು. ರಾಯ ಸಂಚಾರದ ನೆಪ ಮಾಡಿ ತುಂಗಭದ್ರೆ ದಾಟಿ, ಹುಡುಗಿಯನ್ನು ಹೊತ್ತು ತರಲು 5,000 ಕುದುರೆ ಕಳಿಸಿದ. ಬರುವ ಸುದ್ದಿಯನ್ನು ಅವಳ ಮನೆಯವರಿಗೆ ಮುಂಚೆ ಮುಟ್ಟಿಸಲು ಮರೆತಿದ್ದ. ಕುದುರೆ ಧೂಳು ಕಂಡದ್ದೇ ಊರಿಗೆ ಊರೇ ಕಾಲಿಗೆ ಬುದ್ಧಿ ಹೇಳಿತು, ಪತ್ತಾರರ ಮನೆಯವರೂ ಅದರೊಂದಿಗೇ ಹೋದರು. ಬರಿಗೈಯಲ್ಲಿ ಮರಳಿದ ದಂಡು ದಾರಿಯ ಹಳ್ಳಿಗಳನ್ನು ಸುಲಿಯಿತು. ಬಹಮನಿ ಸುಲ್ತಾನ ಫಿರೋಜ್ ಶಹಾ ಇದನ್ನೇ ಹಿಡಿದುಕೊಂಡು ದಂಡೆತ್ತಿ ಹೋದ. ವಿಜಯನಗರದ ಗೋಡೆಯ ಬಳಿ ಅವನ ಕೈಗೆ ಬಾಣ ತಾಗಿತು, ದಕ್ಷಿಣದ ಸೀಮೆ ಹಾಳಾಯಿತು, ಬಂಕಾಪುರ ಬಿತ್ತು. ಸಂಧಾನದ ಷರತ್ತುಗಳು: ರಾಯನ ಮಗಳನ್ನು ಸುಲ್ತಾನನಿಗೆ ಕೊಡಬೇಕು, ಬಂಕಾಪುರವನ್ನು ಬಳುವಳಿಯಾಗಿ ಬಿಡಬೇಕು, ಮೇಲೆ ಹೊನ್ನು, ಮುತ್ತು, ಆನೆ, ಹಾಡು ಕುಣಿತ ಬಲ್ಲ 2,000 ಹುಡುಗ ಹುಡುಗಿಯರು.

ಈ ಪಟ್ಟಿಯಲ್ಲಿ ರಾಯನ ಮಗಳು ಎಲ್ಲಿದ್ದಾಳೆ ನೋಡಿ. ಕೋಟೆ, ಆನೆ, ಮುತ್ತಿನ ಸಾಲಿನಲ್ಲಿ. ಅವಳಿಗೆ ಹೆಸರೂ ಇಲ್ಲ. ಪತ್ತಾರರ ಮಗಳಿಗೆ ಹೆಸರಿದೆ, ಮಾತಿದೆ. ಚಕ್ರವರ್ತಿಯ ಮಗಳಿಗೆ ಎರಡೂ ಇಲ್ಲ. ಪರ್ತಾಲಳ ಗತಿಯೂ ಕೊನೆಗೆ ಅಲ್ಲಿಗೇ ಬಂತು. ಯುದ್ಧ ಮುಗಿದ ಮೇಲೆ ಸುಲ್ತಾನ ಅವಳನ್ನೂ ಹೆತ್ತವರನ್ನೂ ಕರೆಸಿ, ಅವಳನ್ನು ತನ್ನ ಮಗ ಹಸನ್ ಖಾನನಿಗೆ ಮದುವೆ ಮಾಡಿಕೊಟ್ಟ. ಈ ಸಲ ಅವಳು ಏನೆಂದಳು ಎಂಬುದಕ್ಕೆ ಪುಸ್ತಕದಲ್ಲಿ ಜಾಗವಿಲ್ಲ. ಹಸನ್ ಖಾನನಿಗೆ ಪಟ್ಟ ದಕ್ಕಲಿಲ್ಲ. 1422ರಲ್ಲಿ ಚಿಕ್ಕಪ್ಪ ಅಹಮದ್ ಗದ್ದುಗೆ ಏರಿದ, ಇವನು ಭೀಮೆಯ ದಂಡೆಯ ಫಿರೋಜಾಬಾದಿನಲ್ಲಿ ಉಳಿದ.

ಇದು ನಡೆದದ್ದು ಹೌದೋ ಅಲ್ಲವೋ ಎಂಬ ವಾದ ಹಳೆಯದು. ರಾಬರ್ಟ್ ಸಿವೆಲ್ 1900ರಲ್ಲಿ ವಿಜಯನಗರದ ಚರಿತ್ರೆ ಬರೆದಾಗ ಈ ಪ್ರಸಂಗವನ್ನು ವಿಸ್ತಾರವಾಗಿ ಎತ್ತಿಕೊಂಡ, ಅಲ್ಲಿಂದ ಅದು ಶಾಲೆ ಕಾಲೇಜಿನ ಪುಸ್ತಕಗಳಿಗೆ ಹರಿಯಿತು. ನನ್ನ ಮಟ್ಟಿಗೆ ಯುದ್ಧ ನಿಜ, ಕಾರಣ ಅರ್ಧ ನಿಜ. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ಎಡೆದೊರೆ ನಾಡು ಯಾರ ಕೈಗೆ ಬಂದರೂ ಇನ್ನೊಬ್ಬರಿಗೆ ನಿದ್ದೆ ಇರಲಿಲ್ಲ. ಎರೆಭೂಮಿ, ರಾಯಚೂರು ಮುದಗಲ್ಲಿನ ಕೋಟೆಗಳು, ಕಂದಾಯ, ಅದರ ಜೊತೆಗೆ ಹಟ್ಟಿಯ ಸುತ್ತಲಿನ ಚಿನ್ನದ ಸೆಲೆ. ಆ ಗಣಿಗಳ ಹಳೆಯ ಅಗೆತ ಬಹಮನಿಗಳಿಗಿಂತ ಎಷ್ಟೋ ಹಿಂದಿನದು. ಚಿನ್ನದ ನಾಡಿಗೆ ಚಿನ್ನದ ಕೆಲಸದವರ ಮಗಳೇ ಯುದ್ಧದ ನೆಪವಾದದ್ದು ಕಥೆಗಾರನ ಜಾಣತನವೂ ಇರಬಹುದು. ನೆಲದ ಸಲುವಾಗಿ ಬಡಿದಾಡಿದೆವು ಎಂದರೆ ಕೇಳುವವರಿಗೆ ರೋಮಾಂಚನವಾಗುವುದಿಲ್ಲ. ಹೆಣ್ಣಿನ ಸಲುವಾಗಿ, ಮಾನದ ಸಲುವಾಗಿ ಎಂದರೆ 600 ವರ್ಷ ಬಾಳುತ್ತದೆ.

ಮಾನ ಎಂದೆನಲ್ಲ, ಈ ಕಥೆಯ ಅಸಲು ಸಿಟ್ಟು ಮದುವೆಯ ಬೀಳ್ಕೊಡುಗೆಯಲ್ಲಿದೆ. ಮದುವೆಯಾದ ಮೇಲೆ ಫಿರೋಜ್ ಶಹಾ ಹೆಂಡತಿಯೊಂದಿಗೆ ಮಾವನ ಮನೆಗೆ ಬಂದು 3 ದಿನ ಉಂಡು ತಿಂದು ಹೊರಟ. ಅಳಿಯನನ್ನು ಅವನ ಬಿಡಾರದ ತನಕ ಕಳಿಸಿಕೊಡುವುದು ಬಿಟ್ಟು ರಾಯ ಅರ್ಧ ದಾರಿಯಲ್ಲೇ ಹಿಂದಿರುಗಿದ. ಅಷ್ಟಕ್ಕೇ ಹಗೆ ಬೆಳೆಯಿತು. ನಮ್ಮ ಕಡೆ ಬೀಗರ ನಡುವೆ ಇವತ್ತಿಗೂ ಮಾತು ನಿಲ್ಲುವುದು ಇಂಥದ್ದಕ್ಕೇ: ಊಟಕ್ಕೆ ಎಬ್ಬಿಸಲಿಲ್ಲ, ಬಸ್‌ಸ್ಟ್ಯಾಂಡಿನ ತನಕ ಬರಲಿಲ್ಲ. 1417ರಲ್ಲಿ ಸುಲ್ತಾನ ಪಾನಗಲ್ಲನ್ನು ಮುತ್ತಿದಾಗ ಆ ಉರಿ ಆರಿರಲಿಲ್ಲ ಎಂದು ಓದುಗ ನಂಬುವಂತೆ ಫೆರಿಷ್ತಾ ಕಥೆ ಕಟ್ಟುತ್ತಾನೆ. ಎರಡು ವರ್ಷ ಮುತ್ತಿಗೆ, ಪಾಳೆಯದಲ್ಲಿ ಬೇನೆ, ಕೊನೆಗೆ ಹೀನಾಯ ಸೋಲು.

ವಿಚಿತ್ರವೆಂದರೆ ಇದೇ ಫೆರಿಷ್ತಾ 150 ವರ್ಷದ ಆಚೆಯ ಇನ್ನೊಂದು ಹಗೆಗೂ ಇದೇ ಕಾರಣ ಕೊಡುತ್ತಾನೆ. ಅಳಿಯ ರಾಮರಾಯನ ಮಗ ತೀರಿಕೊಂಡಾಗ ಬಿಜಾಪುರದ ಎಳೆಯ ಸುಲ್ತಾನ ಅಲಿ ಆದಿಲಶಹಾ ತಾನೇ ವಿಜಯನಗರಕ್ಕೆ ಬಂದು ದುಃಖ ಕೇಳಿದ. ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳು. ಹೊರಡುವಾಗ ರಾಮರಾಯ ಊರ ಹೊರಗಿನ ತನಕ ಕಳಿಸಲು ಬರಲಿಲ್ಲ, ಅಲಿಯ ಮನಸ್ಸಿನಲ್ಲಿ ಅದು ಮುಳ್ಳಾಗಿ ಉಳಿಯಿತು. ಎರಡು ಸಲವೂ ಬೀಳ್ಕೊಡದ ರಾಯನೇ ತಪ್ಪಿತಸ್ಥ ಎಂದಾಗ ಒಂದು ಸಲವಾದರೂ ಅನುಮಾನ ಪಡಬೇಕು. ಇದು ಘಟನೆಯೋ, ಲೇಖಕನ ಕೈಗೆ ಕೂತ ಕಟ್ಟೋ? 1558ರಲ್ಲಿ ಇದೇ ಅಲಿ, ಇದೇ ರಾಮರಾಯ ಕೂಡಿಕೊಂಡು ಅಹಮದನಗರದ ಮೇಲೆ ಬಿದ್ದದ್ದಂತೂ ಘಟನೆಯೇ. 1565ರ ಜನವರಿ 23ರ ಯುದ್ಧದ ಹೊತ್ತಿಗೆ ಅಲಿ ಎದುರು ಪಾಳೆಯದಲ್ಲಿದ್ದ. ಕೃಷ್ಣೆಯ ಬಳಿಯ ಆ ರಣರಂಗ ಲಿಂಗಸುಗೂರಿಗೆ ದೂರವಲ್ಲ. ರಕ್ಕಸಗಿ, ತಂಗಡಗಿ ಎಂಬ ಎರಡು ಹಳ್ಳಿಗಳ ಹೆಸರು ಕೂಡಿ ಬಂದ ‘ರಾಕ್ಷಸ ತಂಗಡಿ’ಯನ್ನು ಗಿರೀಶ ಕಾರ್ನಾಡರು ತಮ್ಮ ಕೊನೆಯ ನಾಟಕಕ್ಕೆ ಹೆಸರಾಗಿಟ್ಟರು.

ಆ ಯುದ್ಧದ ಬಗ್ಗೆ ನಮ್ಮ ಜನ ಒಂದೇ ಉಸಿರಿನಲ್ಲಿ ಹೇಳುವುದು ದ್ರೋಹವನ್ನು: ರಾಮರಾಯನ ಸೈನ್ಯದಲ್ಲಿದ್ದ ಇಬ್ಬರು ಮುಸ್ಲಿಂ ಸರದಾರರು ನಡುರಣದಲ್ಲಿ ಪಕ್ಷ ಬದಲಿಸಿದರು ಎಂದು. ಮಾತಿನ ಮೂಲ ಸೀಸರ್ ಫ್ರೆಡರಿಕ್ ಎಂಬ ವೆನಿಸಿನ ವ್ಯಾಪಾರಿ. ಅವನು ವಿಜಯನಗರಕ್ಕೆ ಬಂದದ್ದು 1567ರಲ್ಲಿ, ಕೇಳಿದ್ದನ್ನು ಬರೆದ. ಸರದಾರರು ದ್ರೋಹ ಮಾಡಿರಲೂಬಹುದು. ಆದರೆ ಆ ಇಬ್ಬರನ್ನು ಹಿಡಿದುಕೊಂಡು ಹಿಂದೂ ಮುಸ್ಲಿಂ ನಂಬಿಕೆಯ ಲೆಕ್ಕವನ್ನೇ ಚುಕ್ತಾ ಮಾಡುವವರು, ಎರಡನೆಯ ದೇವರಾಯನ ಕಾಲದಿಂದಲೂ ವಿಜಯನಗರದ ಸೇವೆಯಲ್ಲಿದ್ದ ಮುಸ್ಲಿಂ ಯೋಧರನ್ನು ಮರೆಯುತ್ತಾರೆ. ಹಂಪಿಯಲ್ಲಿ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಇನ್ನೂ ನಿಂತಿದೆ. ಎದುರಿನ ಕೂಟ ಹೇಗೆ ಕೂಡಿತೆಂದೂ ಕೇಳಬೇಕು. ಬದ್ಧ ವೈರಿಗಳಾಗಿದ್ದ ಬಿಜಾಪುರ, ಅಹಮದನಗರಗಳನ್ನು ಬೆಸೆದದ್ದು ಧರ್ಮವೊಂದೇ ಅಲ್ಲ, ಎರಡು ಮದುವೆಗಳೂ ಹೌದು. ಹುಸೇನ್ ನಿಜಾಮಶಹನ ಮಗಳು ಚಾಂದಬೀಬಿ ಅಲಿಯ ಮನೆಗೆ, ಅಲಿಯ ತಂಗಿ ನಿಜಾಮಶಹನ ಮಗನ ಮನೆಗೆ. ಚಾಂದಬೀಬಿಯ ಬಳುವಳಿಯಾಗಿ ಸೊಲ್ಲಾಪುರದ ಕೋಟೆ. ಬಂಕಾಪುರ ಹೋದ ಹಾಗೆಯೇ ಸೊಲ್ಲಾಪುರವೂ ಹೋಯಿತು, ಇಲ್ಲಿ ಎರಡೂ ಕಡೆ ಒಂದೇ ಧರ್ಮ.

1406, 1565ರ ಈ ಎರಡು ಯುದ್ಧಗಳ ನಡುವೆ 1520ರ ರಾಯಚೂರು ಯುದ್ಧವಿದೆ. ಅದರಲ್ಲಿ ಪ್ರೇಮ ಇಲ್ಲ, ರೊಕ್ಕ ಇದೆ. ಕೃಷ್ಣದೇವರಾಯ ಗೋವೆಯಿಂದ ಕುದುರೆ ತರಲು ಸಯ್ಯದ್ ಮರಕ್ಕಾರ ಎಂಬ ವ್ಯಾಪಾರಿಗೆ 40,000 ವರಹ ಕೊಟ್ಟ, ಅವನು ದುಡ್ಡು ಸಮೇತ ಆದಿಲಶಹನ ಆಸರೆಗೆ ಓಡಿದ, ರಾಯ ಯುದ್ಧಕ್ಕೆ ಅದನ್ನೇ ಕಾರಣ ಮಾಡಿದ ಎನ್ನುತ್ತಾನೆ ಪೋರ್ಚುಗೀಸ್ ನೂನಿಜ್. ಗೆದ್ದ ಮೇಲೆ ರಾಯ ಕೇಳಿದ್ದು ಆದಿಲಶಹಾ ಬಂದು ತನ್ನ ಪಾದಕ್ಕೆ ಮುತ್ತಿಡಬೇಕೆಂದು. ಆ ಭೇಟಿಗೆ ಗೊತ್ತಾದ ಜಾಗ ಮತ್ತೆ ಮುದಗಲ್ಲು. ಆದಿಲಶಹಾ ಬರಲಿಲ್ಲ. ನಡುವೆ ನಿಂತು ಎರಡೂ ಕಡೆಗೆ ಸುಳ್ಳು ಹೇಳಿದ ಬಿಜಾಪುರದ ಅಸದ್ ಖಾನ, ರಾಯನ ಸೆರೆಯಲ್ಲಿದ್ದ ತನ್ನದೇ ಪಕ್ಷದ ಸಲಾಬತ್ ಖಾನನ ತಲೆಯನ್ನು ರಾಯನ ಕೈಯಿಂದಲೇ ತೆಗೆಸಿದನಂತೆ. ನಂಬಿಸಿ ಕತ್ತು ಕೊಯ್ಯುವವನು ಇಲ್ಲಿ ಸ್ವಂತ ಧರ್ಮದವನೇ, ಸ್ವಂತ ದರಬಾರಿನವನೇ.

ಕನ್ನಡದವರ ಮನಸ್ಸಿನಲ್ಲಿ ಇದಕ್ಕಿಂತ ಆಳಕ್ಕಿಳಿದ ಕಥೆ ಕಲ್ಯಾಣದ್ದು. ಬ್ರಾಹ್ಮಣ ಮೂಲದ ಮಧುವರಸನ ಮಗಳು, ಸಮಗಾರ ಹರಳಯ್ಯನ ಮಗ. ಇಬ್ಬರೂ ಶರಣರ ಮನೆಯವರು. ದೊರೆ ಬಿಜ್ಜಳ ಇವರ ಮದುವೆಯನ್ನು ವರ್ಣಸಂಕರವೆಂದು ಬಗೆದು ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದ. ಜಗದೇವ, ಮಲ್ಲಯ್ಯ, ಬೊಮ್ಮಯ್ಯ ಬಿಜ್ಜಳನನ್ನು ಕೊಂದು ಸೇಡು ತೀರಿಸಿಕೊಂಡರು. ನಡುವಿನ ವಿವರಗಳಲ್ಲಿ ಹೆಚ್ಚಿನವು ನಂತರದ ಪುರಾಣ ಕಾವ್ಯಗಳಿಂದ ಬಂದವು. ಲಂಕೇಶರು, ಕಾರ್ನಾಡರು ಇದರ ಮೇಲೆ ನಾಟಕ ಬರೆದರು, ಲಿಂಗಾಯತ ಮಠಗಳಲ್ಲಿ ವರ್ಷವರ್ಷವೂ ಪ್ರವಚನವಾಗುತ್ತದೆ. ಅಪ್ಪಂದಿರ ಹೆಸರು ಎಲ್ಲರಿಗೂ ಬಾಯಿಪಾಠ. ಮದುಮಗಳ ಹೆಸರು ಒಂದೊಂದು ಕಡೆ ಒಂದೊಂದು. ಅವಳಿಗೆ ಆ ಹುಡುಗ ಮೆಚ್ಚಿಗೆಯಾಗಿದ್ದನೋ ಇಲ್ಲವೋ ಎಂದು ಕೇಳಿದರೆ ಸಭೆಯಲ್ಲಿ ನಗು ಏಳುತ್ತದೆ. ಮುದಗಲ್ಲಿನ ಹುಡುಗಿ ಈ ವಿಷಯದಲ್ಲಿ ಕಲ್ಯಾಣಕ್ಕಿಂತ ಒಂದು ಹೆಜ್ಜೆ ಮುಂದಿದ್ದಾಳೆ. ಪರಧರ್ಮದ ಪರಭಾಷೆಯ ಲೇಖಕನಾದರೂ ಅವಳ ‘ಒಲ್ಲೆ’ಯನ್ನು ಬರೆದುಕೊಂಡ.

    

ಈ ಸೀಮೆಯ ಜನ ಪರಧರ್ಮದ ದ್ರೋಹದ ಕಥೆಯೊಂದನ್ನು ಸೇಡಿನ ಸೊಲ್ಲಿಲ್ಲದೆ ತಮ್ಮದು ಮಾಡಿಕೊಂಡದ್ದೂ ಇದೆ. ಬರಹೇಳಿ ಪತ್ರ ಬರೆದ ಕೂಫಾದವರು ಕೈಬಿಟ್ಟು, ಕರ್ಬಲಾದಲ್ಲಿ ಹುಸೇನರು ನೀರಿಲ್ಲದೆ ಮಡಿದ ಕಥೆ ಅದು. ಮೊಹರಂ ಬಂತೆಂದರೆ ಮುದಗಲ್ಲಿನ ಕೋಟೆಯೊಳಗಿನ ಹುಸೇನಿ ಆಲಂ ದರ್ಗಾಕ್ಕೆ ಆಂಧ್ರ, ತೆಲಂಗಾಣ, ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ. ಹರಕೆ ಹೊತ್ತವರು ಫಕೀರರಾಗುತ್ತಾರೆ, ಸಕ್ಕರೆ ಓದಿಸುತ್ತಾರೆ, ಮನೆಗಳಲ್ಲಿ ಚೊಂಗೆ ಬೇಯುತ್ತದೆ. ಹಳ್ಳಿಗಳಲ್ಲಿ ಅಲಾಯಿ ಕುಣಿ ತೋಡಿ ಬೆಂಕಿ ಮಾಡಿ ಸುತ್ತ ಹೆಜ್ಜೆ ಹಾಕುವವರಲ್ಲಿ ಕುರುಬರು, ನಾಯಕರು, ದಲಿತರು, ಲಿಂಗಾಯತರು ಎಲ್ಲರೂ ಉಂಟು. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರಲ್ಲೂ ದೇವರು ಕೂರುತ್ತವೆ. ರಿವಾಯತ್ ಪದಗಳು ಅಚ್ಚ ಕನ್ನಡದಲ್ಲಿ, ಎರಡು ಮೇಳಗಳ ನಡುವೆ ಸವಾಲು ಜವಾಬಿನಲ್ಲಿ ನಡೆಯುತ್ತವೆ. ಅಲ್ಲಿ ಹಸೇನ ಹುಸೇನರು ಈ ಸೀಮೆಯ ಮಕ್ಕಳೇ, ಅಳುವ ತಾಯಂದಿರು ಇಲ್ಲಿಯ ತಾಯಂದಿರೇ. ಕತ್ತಲ ರಾತ್ರಿ ಕಳೆದು ದೇವರು ಹೊಳೆಗೆ ಹೋಗುವಾಗ ಕಣ್ಣೊರೆಸಿಕೊಳ್ಳುವ ಮುದುಕಿ ಬಸಮ್ಮನೂ ಇರಬಹುದು, ಬೀಬವ್ವನೂ ಇರಬಹುದು. ಕೃಷ್ಣೆಯ ಆಚೆ ದಡದ ತಿಂಥಣಿ ಮೌನೇಶ್ವರನ ಜಾತ್ರೆಗೂ ಎರಡೂ ಕಡೆಯವರು ಸೇರುತ್ತಾರೆ.

ಆದರೆ ಇದನ್ನು ತೋರಿಸಿ ಸೌಹಾರ್ದದ ಬೀಡು ಎಂದು ಭಾಷಣ ಬಿಗಿಯುವವರನ್ನು ಒಂದು ಪ್ರಶ್ನೆ ಕೇಳಬೇಕು. ಅಲಾಯಿ ಕುಣಿಯ ಸುತ್ತ ಹೆಗಲಿಗೆ ಹೆಗಲು ಕೊಟ್ಟು ಕುಣಿದ ಎರಡು ಮನೆಗಳ ಹುಡುಗ ಹುಡುಗಿ ಮದುವೆಯಾಗುತ್ತೇವೆ ಎಂದರೆ? ದೇವರನ್ನು ಹಂಚಿಕೊಳ್ಳುವುದು ಸುಲಭ, ಬೀಗತನ ಕಷ್ಟ. ಸಿಂಧನೂರನ್ನೇ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಆಂಧ್ರದಿಂದ ರೈತರು ಬಂದು ಕ್ಯಾಂಪ್ ಕಟ್ಟಿದರು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ಆರ್.ಎಚ್. ಕ್ಯಾಂಪ್‌ಗಳಲ್ಲಿ ನೆಲ ಕೊಟ್ಟಿತು. ಕನ್ನಡ, ಉರ್ದು, ತೆಲುಗು, ಬಂಗಾಳಿ, ಲಂಬಾಣಿ ಎಲ್ಲ ಒಂದೇ ಸಂತೆಯಲ್ಲಿ ಕೇಳುತ್ತವೆ. ಭತ್ತದ ಗದ್ದೆ, ರೈಸ್‌ಮಿಲ್ಲು, ಕಾಲೇಜು, ಮೊಬೈಲ್ ಅಂಗಡಿ, ಎಲ್ಲ ಕಡೆ ಹರೆಯದವರು ಭೇಟಿಯಾಗುತ್ತಾರೆ. ಮನೆಯ ಹೊಸ್ತಿಲು ಮಾತ್ರ ಹಳೆಯದೇ.

ಸಿಂಧನೂರಿನಲ್ಲಿ 2020ರ ಜುಲೈಯಲ್ಲಿ ಒಂದು ಪ್ರೇಮವಿವಾಹದ ಹಗೆಗೆ ಹುಡುಗನ ಮನೆಯವರನ್ನು ಹಾಡಹಗಲೇ ಕೊಚ್ಚಿ ಕೊಂದರು. 2025ರ ಏಪ್ರಿಲಿನಲ್ಲಿ ಅಲ್ಲಿಯ ನ್ಯಾಯಾಲಯ ಮೂವರಿಗೆ ಮರಣದಂಡನೆ, ಒಂಬತ್ತು ಮಂದಿಗೆ ಜೀವಾವಧಿ ವಿಧಿಸಿತು. ಅಲ್ಲಿ ಧರ್ಮದ ಗಡಿಯೇ ಇರಲಿಲ್ಲ. ಕೃಷ್ಣೆಯ ಆಚೆ, ಮುದ್ದೇಬಿಹಾಳ ತಾಲ್ಲೂಕಿನ ಹಳ್ಳಿಯೊಂದರಲ್ಲಿ 2017ರ ಜೂನಿನಲ್ಲಿ ನಡೆದದ್ದಕ್ಕೆ ಅದೂ ಇತ್ತು. ದಲಿತ ಹುಡುಗನನ್ನು ಮೆಚ್ಚಿ ಗೋವಾಕ್ಕೆ ಹೋಗಿ ಸಂಸಾರ ಹೂಡಿದ್ದ ಮುಸ್ಲಿಂ ಹುಡುಗಿ, ಬಸುರಿಯಾದ ಮೇಲೆ ಇನ್ನಾದರೂ ಹೆತ್ತವರು ಒಪ್ಪಿಯಾರು ಎಂದು ಊರಿಗೆ ಬಂದಳು. ಮನೆಯವರೇ ಬೆಂಕಿ ಹಚ್ಚಿದರು. 2021ರಲ್ಲಿ ಖಾನಾಪುರದ ರೈಲು ಹಳಿಯ ಮೇಲೆ ಮುಸ್ಲಿಂ ಯುವಕನೊಬ್ಬನ ಶವ ಸಿಕ್ಕಿತು. ಅವನು ಮೆಚ್ಚಿದ್ದ ಹಿಂದೂ ಹುಡುಗಿಯ ಹೆತ್ತವರನ್ನೂ ಅವರಿಂದ ಸುಪಾರಿ ಪಡೆದ ಆರೋಪಿಗಳನ್ನೂ ಪೊಲೀಸರು ಬಂಧಿಸಿದರು. ಇಂಥ ಕಡೆ ಮನೆಯವರ ಬಾಯಲ್ಲಿ ಸಾಮಾನ್ಯವಾಗಿ ಬರುವ ಮಾತು ಒಂದೇ: ನಂಬಿಕೆದ್ರೋಹ. ಸಾಕಿ ಸಲಹಿದವರಿಗೆ ಮಕ್ಕಳು ಬಗೆದ ದ್ರೋಹ. ತವರಿಗೆ ಮರಳಿದ ಬಸುರಿಯ ನಂಬಿಕೆ ಏನಾಯಿತೆಂದು ಕೇಳಲು ಯಾರೂ ತಯಾರಿಲ್ಲ.

‘ಲವ್ ಜಿಹಾದ್’ ಎಂಬ ಮಾತು ಕರ್ನಾಟಕದ ಹೈಕೋರ್ಟಿನ ತನಕ ಹೋದದ್ದು 2009ರಲ್ಲಿ, ಚಾಮರಾಜನಗರದ ಹುಡುಗಿಯೊಬ್ಬಳ ಪ್ರಕರಣದಲ್ಲಿ. ತನಿಖೆ ಮುಗಿಯುವ ತನಕ ಅವಳನ್ನು ಹೆತ್ತವರ ಬಳಿ ಇರಿಸಲಾಯಿತು. ಸಂಘಟಿತ ಸಂಚು ಸಿಐಡಿಗೆ ಕಾಣಲಿಲ್ಲ, ಅವಳು ತನ್ನ ಇಷ್ಟದಿಂದಲೇ ಹೋದೆ ಎಂದಳು, ನ್ಯಾಯಾಲಯ ಗಂಡನೊಂದಿಗೆ ಕಳಿಸಿತು. ಮಾತು ಮಾತ್ರ ಸಾಯಲಿಲ್ಲ. 2022ರ ಮತಾಂತರ ಕಾಯ್ದೆಯಲ್ಲಿ ಮದುವೆಗೂ ಒಂದು ಕಲಮು ಸೇರಿತು. 2023ರ ಜೂನಿನಲ್ಲಿ ಹೊಸ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ನಂಬಿಸಿ ಮೋಸ ಮಾಡುವ ಗಂಡಸರು ಇಲ್ಲವೆಂದಲ್ಲ. ಹೆಸರು ಮುಚ್ಚಿಟ್ಟವರು, ಮೊದಲ ಮದುವೆ ಮುಚ್ಚಿಟ್ಟವರು ಎಲ್ಲ ಧರ್ಮಗಳಲ್ಲೂ ಇದ್ದಾರೆ, ಅವರಿಗೆ ಶಿಕ್ಷೆಯಾಗಲಿ. ಅವರ ನೆಪದಲ್ಲಿ ಪ್ರತಿ ಹುಡುಗಿಯ ಹೌದನ್ನೂ ಬೇರೆಯವರ ಸಂಚೆಂದು ಬರೆದುಕೊಳ್ಳುವುದು ಫೆರಿಷ್ತಾನ ಎರಡನೆಯ ಕಾರಣದಂಥದ್ದೇ ಕೆಲಸ.

ಧರ್ಮ ಬಿಡದೆ ಮದುವೆಯಾಗಲು 1954ರ ವಿಶೇಷ ವಿವಾಹ ಕಾಯ್ದೆ ಇದೆ. ಸಣ್ಣ ಊರಲ್ಲಿ ಅದನ್ನು ಬಳಸುವುದು ಹೇಗೆಂದು ನೋಡಿದರೆ ಅದರ ಕಷ್ಟ ತಿಳಿಯುತ್ತದೆ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು. ಅರ್ಜಿ ಕೊಟ್ಟ ಮೇಲೆ ಇಬ್ಬರ ಹೆಸರು, ವಯಸ್ಸು, ವಿಳಾಸವಿರುವ ನೋಟಿಸನ್ನು ವಿವಾಹಾಧಿಕಾರಿಯ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ಆಕ್ಷೇಪಣೆಗೆ 30 ದಿನ. ಕಾನೂನು ಒಪ್ಪುವ ಆಕ್ಷೇಪಣೆಗಳು ಬೆರಳೆಣಿಕೆಯವು: ವಯಸ್ಸು ಸಾಲದು, ಮೊದಲ ಸಂಗಾತಿ ಬದುಕಿದ್ದಾರೆ, ನಿಷಿದ್ಧ ಸಂಬಂಧ, ಬುದ್ಧಿ ಸ್ವಾಧೀನದಲ್ಲಿಲ್ಲ. ಹೊಲ ನೋಂದಣಿಗೆ ಬಂದವರೂ ನಿಂತು ಓದುವ ಆ ಕಾಗದದ ಫೋಟೊ ಮಧ್ಯಾಹ್ನದೊಳಗೆ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹೋದರೆ ತಡೆಯುವವರಿಲ್ಲ. ಮುದಗಲ್ಲಿನ ಜನರಿಗೆ ಕುದುರೆ ಧೂಳಾದರೂ ಕಾಣುತ್ತಿತ್ತು. ಹಾಗಾಗಿ ಜೋಡಿಗಳು ಬೆಂಗಳೂರಿನ ಬಸ್ಸು ಹತ್ತುತ್ತವೆ, ಇಲ್ಲವೇ ಇಬ್ಬರಲ್ಲೊಬ್ಬರು ಧರ್ಮ ಬದಲಿಸಿ ಮದುವೆ ಮುಗಿಸುತ್ತಾರೆ. ಬದಲಿಸಿದರೆ ಸಂಚು, ಬದಲಿಸದಿದ್ದರೆ ನೋಟಿಸು.

2018ರ ಮಾರ್ಚಿನಲ್ಲಿ ಶಕ್ತಿವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಥ ಜೋಡಿಗಳಿಗಾಗಿ ಜಿಲ್ಲೆಗೊಂದು ವಿಶೇಷ ಘಟಕ, ದಿನದ 24 ತಾಸಿನ ಸಹಾಯವಾಣಿ ಬೇಕೆಂದಿತು, ಸುರಕ್ಷಿತ ವಸತಿಯ ಮಾತನ್ನೂ ಆಡಿತು. 2020ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಪ್ರಾಯಕ್ಕೆ ಬಂದವರು ಮೆಚ್ಚಿದವರನ್ನು ಮದುವೆಯಾಗುವುದು ಮೂಲಭೂತ ಹಕ್ಕೆಂದು ಮತ್ತೊಮ್ಮೆ ಹೇಳಿತು. ಠಾಣೆಯ ಬಾಗಿಲಲ್ಲಿ ಮಾತ್ರ ಇನ್ನೊಂದು ಕಾನೂನು ನಡೆಯುತ್ತದೆ: ಎರಡೂ ಮನೆಯ ಹಿರಿಯರನ್ನು ಕರೆಸಿ ರಾಜಿ ಪಂಚಾಯ್ತಿ, ಕೊನೆಗೆ ಹುಡುಗಿ ನಾಲ್ಕು ದಿನ ತವರಲ್ಲಿದ್ದು ಬರಲಿ ಎಂಬ ಬುದ್ಧಿಮಾತು. ಹಾಗೆ ಹೇಳುವ ಪೊಲೀಸಪ್ಪನಿಗೆ ಕೆಟ್ಟ ಉದ್ದೇಶ ಇರಬೇಕೆಂದೇನೂ ಇಲ್ಲ, ಅವನ ಮನೆಯಲ್ಲೂ ಹೆಣ್ಣುಮಕ್ಕಳಿದ್ದಾರೆ. ಮುದ್ದೇಬಿಹಾಳದ ಹುಡುಗಿಯೂ ತವರಿಗೇ ಹೋಗಿದ್ದಳು. ಕಳಿಸುವ ಮುಂಚೆ ಅವಳೊಬ್ಬಳನ್ನೇ ಬೇರೆ ಕೋಣೆಯಲ್ಲಿ, ಮಹಿಳಾ ಪೇದೆಯ ಮುಂದೆ ಕೂರಿಸಿ, ಹೋಗಲು ಇಷ್ಟವಿದೆಯೋ ಇಲ್ಲವೋ ಎಂದು ಕೇಳಿ ಬರೆದುಕೊಂಡು ಸಹಿ ಹಾಕಿಸಿಕೊಳ್ಳಲು ಅರ್ಧ ತಾಸು ಸಾಕು, ಯಾವ ಹೊಸ ಕಾಯ್ದೆಯೂ ಬೇಕಿಲ್ಲ.